ಅಪ್ಪನ ಸಹಿ, ನಲವತ್ತೊಂದು ಸಲ

ಜುಲೈ 8, ಸಂಜೆ 5.40

ಮತ್ತೆ ಮಣಿಕಟ್ಟು. ಎಂಟು ಪುಟ್ಟ ಮೂಳೆ. ಎಂಟಕ್ಕೆ ಎಂಟೂ ತಲೆಯಲ್ಲಿ ನಿಲ್ಲುತ್ತಿಲ್ಲ. ಗುರುವಾರ ವೈವಾ. ಮೂಳೆ ಮೇಷ್ಟ್ರು — ಅನಾಟಮಿ ಲೆಕ್ಚರರ್‌ಗೆ ಸೀನಿಯರ್‌ಗಳು ಇಟ್ಟ ಹೆಸರು — ಡಬ್ಬದಿಂದ ಒಂದನ್ನು ತೆಗೆದು ಅಂಗೈ ಮೇಲಿಟ್ಟು "ಎಡವೋ ಬಲವೋ" ಎನ್ನುತ್ತಾರಂತೆ. ತಪ್ಪಿದರೆ ಬೈಯುವುದಿಲ್ಲವಂತೆ. ನಗುತ್ತಾರಂತೆ. ಬೈದರೆ ತಡೆದುಕೊಂಡೇನು...

ಲಂಚ್‌ನಲ್ಲಿ ವಕೀಲಮ್ಮನ ಫೋನ್. ಅವರ ನಂಬರ್ ಕಂಡರೆ ಈಗಲೂ ಭಯ.

"ನಿಮ್ಮಪ್ಪನ ಸಹಿ ಬೇಕಮ್ಮ. ಜಾಮೀನು ಪತ್ರದ ಕಾಲದ್ದು. ನಿಮ್ಮಮ್ಮನ್ನ ಕೇಳಿದ್ರೆ ಏನೂ ಇಲ್ಲ ಅಂತಾರೆ. ಅಂಗಡಿ ನಡೆಸ್ತಿದ್ದ ಮನುಷ್ಯ, ಒಂದು ಕಡೆನೂ ಸಹಿ ಮಾಡಿಲ್ವಾ? ಗಾಳೀಲಿ ವ್ಯಾಪಾರ ಮಾಡ್ತಿದ್ರಾ?"

ಬರೆದಿಟ್ಟರೆ ತಲೆ ಕ್ಲಿಯರ್ ಆಗುತ್ತದೆ, ಬರೆಯುತ್ತೇನೆ. ಚಿಕ್ಕಪ್ಪ ಐಸ್ ಫ್ಯಾಕ್ಟರಿ ಹಾಕಲು ಬ್ಯಾಂಕಿನಲ್ಲಿ ಸಾಲ ತೆಗೆದ. ಫ್ಯಾಕ್ಟರಿ ಮುಳುಗಿತು. ಅಣ್ಣನಾಗಿ ಅಪ್ಪ ಜಾಮೀನು ನಿಂತಿದ್ದರು, ಕಾಗದದಲ್ಲಿ ಅವರ ಸಹಿ ಇದೆ ಎನ್ನುತ್ತದೆ ಬ್ಯಾಂಕು. ಅದು ಅವರ ಸಹಿಯಲ್ಲ ಎನ್ನುತ್ತಾಳೆ ಅಮ್ಮ. ಅಪ್ಪ ಹೋಗಿ ಹದಿನಾಲ್ಕು ತಿಂಗಳು, ಅವರನ್ನೇ ಕೇಳುವ ಹಾಗಿಲ್ಲ. ಸೋತರೆ ವಾಚ್ ರಿಪೇರಿ ಅಂಗಡಿ ಹೋಗುತ್ತದೆ, ಅದರ ಮೇಲಿನ ಎರಡು ರೂಮೂ ಹೋಗುತ್ತವೆ. ಅಂದರೆ ಎಲ್ಲವೂ.

ಫೋನ್ ಇಟ್ಟ ಮೇಲೆ ಹೊಳೆಯಿತು. ಕಾರ್ಡ್‌ಗಳು! ನನ್ನ ಟ್ರಂಕ್‌ನಲ್ಲಿವೆ.

ಜುಲೈ 9, ಬೆಳಿಗ್ಗೆ 7

ಎಣಿಸಿದೆ. ನಲವತ್ತೊಂದು. ಎಂಟನೇ ಕ್ಲಾಸಿಗೆ ಹಾಸ್ಟೆಲ್‌ಗೆ ಹೋದಾಗಿನಿಂದ ತಿಂಗಳಿಗೊಂದು ಪ್ರೋಗ್ರೆಸ್ ಕಾರ್ಡ್. ಮನೆಗೆ ಪೋಸ್ಟ್ ಆಗುತ್ತಿತ್ತು, ಪಾಲಕರ ಸಹಿ ಮತ್ತು ಒಂದು ಸಾಲಿನ ರಿಮಾರ್ಕ್ ಹೊತ್ತು ವಾಪಸ್ ಬರುತ್ತಿತ್ತು. ವಾರ್ಡನ್ ತಾರೀಖಿನ ಸೀಲ್ ಹೊಡೆಯುತ್ತಿದ್ದರು. ನಾಲ್ಕು ವರ್ಷ. ಕೊನೆಯ ವರ್ಷ ಆ್ಯಪ್ ಬಂತು, ಕಾರ್ಡ್ ನಿಂತಿತು. ಆಗ ಅಪ್ಪನೂ ಇರಲಿಲ್ಲ.

ಬೇರೆಯವರ ಮನೆಯಿಂದ 'ಸೀನ್' — ನೋಡಿದ್ದೇವೆ — ಎಂದಷ್ಟೇ ಬರುತ್ತಿತ್ತು. ನನ್ನದರಲ್ಲಿ ಮಾತು ಇರುತ್ತಿತ್ತು.

'ಗಣಿತ ಇಳಿದಿದೆ. ಇಳಿಯಲಿ, ಹತ್ತುತ್ತದೆ. ಹಲ್ಲುನೋವು ಹೇಗಿದೆ?'

'ಕನ್ನಡಕ ಬೇಕಾದರೆ ಬಾಯಿ ಬಿಟ್ಟು ಕೇಳು. ನಾಚಿಕೆ ಏನದರಲ್ಲಿ.'

ಎದುರಿಗಿದ್ದಾಗ ಅಪ್ಪ ಇಷ್ಟು ಮಾತಾಡಿದವರೇ ಅಲ್ಲ. ರಜೆಗೆ ಹೋದರೆ "ಬಂದ್ಯಾ" ಎನ್ನುತ್ತಿದ್ದರು. ಹೊರಟರೆ "ಹುಷಾರು." ಅಷ್ಟೇ. ಹಾಗಾಗಿ ಯಾವತ್ತೂ ಬಿಸಾಡಲಿಲ್ಲ. ಮೂರು ಹಾಸ್ಟೆಲ್ ಬದಲಾದರೂ.

ರೂಮ್‌ಮೇಟ್ ಅಲಾರಂ — ಐದಕ್ಕೆ ಅಲಾರಂ ಇಟ್ಟು ತಾನು ಮಾತ್ರ ಏಳದವಳು — ಹಾಸಿಗೆಯಿಂದಲೇ ಕೇಳಿದಳು, "ಲವ್ ಲೆಟರ್ರೇನೇ?"

"ಮಾರ್ಕ್ಸ್ ಕಾರ್ಡು."

"ಛೀ. ಬೆಳಿಗ್ಗೆ ಬೆಳಿಗ್ಗೆ ಯಾಕೆ ಅಪಶಕುನ."

ಜುಲೈ 13

ವಕೀಲಮ್ಮನ ಆಫೀಸ್. ಲಿಫ್ಟ್ ಇಲ್ಲ, ಮೂರನೇ ಮಹಡಿ. ಕುರ್ಚಿ ಮೇಲೆ ಫೈಲ್, ಕಿಟಕಿಯಲ್ಲಿ ಫೈಲ್, ಫ್ಯಾನ್ ಹಾಕಿದರೆ ಎಲ್ಲ ಹಾರುತ್ತದೆಂದು ಫ್ಯಾನ್ ಹಾಕುವುದಿಲ್ಲ. ಬೆವರಿನ ವಾಸನೆಯ ನ್ಯಾಯ.

ಕಾರ್ಡ್ ನೋಡಿದವರೇ ಕನ್ನಡಕ ಹಣೆಗೇರಿಸಿದರು. "ಅಯ್ಯೋ ಹುಡುಗಿ! ತಾರೀಖಿದೆ, ಸೀಲಿದೆ, ಸಹಿಯಿದೆ. ಜಾಮೀನು ಪತ್ರ ಬರೆದ ತಿಂಗಳದ್ದೂ ಇದೆ! ಇಷ್ಟು ದಿನ ಇದಕ್ಕೆ ಕಾವು ಕೊಟ್ಕೊಂಡು ಕೂತಿದ್ಯಾ?"

ಬ್ಯಾಂಕಿನ ಹತ್ತಿರ ಅಪ್ಪ ಅಕೌಂಟ್ ತೆರೆದಾಗಿನ ಸಹಿ ಒಂದೇ ಇದೆಯಂತೆ, ಹದಿನೈದು ವರ್ಷ ಹಳೆಯದು. ಕೋರ್ಟು ಕೈಬರಹದ ಎಕ್ಸ್‌ಪರ್ಟ್‌ಗೆ ಕಳಿಸುತ್ತದೆ. ಜಾಮೀನು ಪತ್ರದ ಸಹಿ ಬೇರೆ, ಕಾರ್ಡ್‌ಗಳ ಸಹಿ ಬೇರೆ ಎಂದು ಆತ ಬರೆದುಕೊಟ್ಟರೆ ಮುಗಿಯಿತು.

"ಚಿಕ್ಕಪ್ಪನ ಐಸು ಕರಗ್ತು, ಬ್ಯಾಂಕಿನ ಕೇಸೂ ಕರಗತ್ತೆ" ಎಂದು ತಾವೇ ನಕ್ಕರು. ಪಟ್ಟಿ ಮಾಡಿ, ನನ್ನಿಂದ ಒಂದು ಅಫಿಡವಿಟ್ ಬರೆಸಿ — 'ಇವು ನನ್ನ ಬಳಿ ಇದ್ದ ಕಾರ್ಡ್‌ಗಳು' — ಸೋಮವಾರ ಫೈಲ್ ಮಾಡುತ್ತಾರೆ.

ಮೆಟ್ಟಿಲಿಳಿಯುವಾಗ ಹಗುರ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮನೆಗೆ ಉಪಯೋಗಕ್ಕೆ ಬಂದೆ. ಅಮ್ಮನಿಗೆ ಫೋನಲ್ಲಿ ಹೇಳುವುದಿಲ್ಲ. ಮುಖ ನೋಡಬೇಕು, ಹೇಳುವಾಗ.

ಜುಲೈ 20, ಮಧ್ಯಾಹ್ನ 3

ಊರಲ್ಲಿ. ಅಮ್ಮ ಅಂಗಡಿಯಲ್ಲಿ ಒಂದು ಲೇಡೀಸ್ ವಾಚ್ ಬಿಚ್ಚಿಟ್ಟುಕೊಂಡು ಕೂತಿದ್ದಳು. ಕಣ್ಣಿಗೆ ಲೆನ್ಸ್ ಸಿಕ್ಕಿಸಿದ್ದಳು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ. ಹೇಳಿದೆ.

ಚಿಮಟ ಹಾಗೇ ನಿಂತಿತು.

"ಎಲ್ಲಾ ಕೊಟ್ಟೆಯಾ?"

"ನಲವತ್ತೊಂದೂ."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಸರ್‌ಪ್ರೈಸ್ ಕೊಡೋಣ ಅಂತ..."

ಲೆನ್ಸ್ ತೆಗೆಯಲಿಲ್ಲ. ಒಂದು ಕಣ್ಣು ದೊಡ್ಡದಾಗಿ ನನ್ನನ್ನೇ ನೋಡುತ್ತಿತ್ತು. "ಊಟ ಮಾಡು ಹೋಗು" ಎಂದಳು. ಸ್ಕ್ರೂ ಬಿದ್ದುಹೋಗಿತ್ತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ.

ಬೇಜಾರಾಗಿದ್ದಾಳೆ. ಅಪ್ಪನ ಅಕ್ಷರ ಕೋರ್ಟಿನವರ ಕೈಗೆ ಹೋಯಿತೆಂದೇ ಇರಬೇಕು. ಜೆರಾಕ್ಸ್ ಆದರೂ ಇಟ್ಟುಕೊಳ್ಳಬೇಕಿತ್ತು. ನನ್ನ ತಲೆ!

ಆಗಸ್ಟ್ 30

ಒಂದು ತಿಂಗಳು ಏನೂ ಬರೆದಿಲ್ಲ. ವೈವಾ ಸುದ್ದಿ ಬರೆಯುವುದೂ ಮರೆತಿತ್ತು, ಎಡವನ್ನು ಬಲ ಎಂದೆ. ನಕ್ಕರು. ಸಾಯಲಿಲ್ಲ.

ಕಾರ್ಡ್‌ಗಳು ಎಕ್ಸ್‌ಪರ್ಟ್ ಹತ್ತಿರ ಹೋಗಿವೆ. ಅಮ್ಮ ಫೋನಲ್ಲಿ ಕೇಸಿನ ಮಾತೇ ಎತ್ತುವುದಿಲ್ಲ. "ತಿಂದ್ಯಾ, ಮಲಗಿದ್ಯಾ."

ಸೆಪ್ಟೆಂಬರ್ 21, ಸಂಜೆ

ಚಿಕ್ಕಪ್ಪನ ಫೋನ್. ಹೊಸ ನಂಬರ್. ಹೆಂಡತಿಯ ತವರಿನಲ್ಲಿದ್ದಾನೆ. ಕೋರ್ಟಿಗೆ ಒಂದು ಸಲವೂ ಬಂದಿಲ್ಲ, ನೋಟಿಸ್ ಬಂದರೆ ತೆಗೆದುಕೊಳ್ಳುವುದಿಲ್ಲ.

"ಸಣ್ಣ ಮುಳ್ಳೂ, ಹೇಗಿದ್ದೀಯೇ?" ಗಡಿಯಾರದ ಸಣ್ಣ ಮುಳ್ಳು, ನಿಧಾನ ಅಂತ. ಮನೆಯಲ್ಲಿ ನನ್ನ ಹೆಸರು.

"ಚಿಕ್ಕಪ್ಪ, ಆ ಕಾಗದಕ್ಕೆ ಅಪ್ಪ ಸಹಿ ಹಾಕಿದ್ರಾ?"

ಆ ಕಡೆ ಯಾರೋ ಬಟ್ಟೆ ಒಗೆಯುವ ಸದ್ದು.

"ಅಣ್ಣ ಒಪ್ಪಿದ್ದ ಕಣೇ. ಆಣೆ ಮಾಡಿ ಹೇಳ್ತೀನಿ. ಅಣ್ಣ ಒಪ್ಪಿದ್ದ."

"ನಾನು ಕೇಳಿದ್ದು ಸಹಿ."

"ಅತ್ತಿಗೇನ ಕೇಳು" ಎಂದ. ಅತ್ತ. ಗಂಡಸರು ಫೋನಲ್ಲಿ ಅತ್ತರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಎಕ್ಸಾಮ್ ಇದೆ ಎಂದು ಇಟ್ಟುಬಿಟ್ಟೆ. ಎಕ್ಸಾಮ್ ಇರಲಿಲ್ಲ.

ಅಕ್ಟೋಬರ್ 17, ಸಂಜೆ 6

ರಿಪೋರ್ಟ್ ಬಂದಿದೆ.

ವಕೀಲಮ್ಮ ಓದಿ ಹೇಳಿದರು. ಸಹಿಯ ಮೊದಲ ಸುಳಿ ಎಲ್ಲದರಲ್ಲೂ ಬಲದಿಂದ ಎಡಕ್ಕೆ ತಿರುಗಿದೆ. ಪೆನ್ನು ಎತ್ತಿದ ಜಾಗ ಒಂದೇ. ಕೊನೆಯ ಎಳೆತದಲ್ಲಿ ಭಾರ ಒಂದೇ. ಜಾಮೀನು ಪತ್ರದ ಸಹಿಯನ್ನೂ ನಲವತ್ತೊಂದು ಕಾರ್ಡ್‌ಗಳ ಸಹಿಯನ್ನೂ ಮಾಡಿದ್ದು ಒಂದೇ ಕೈ. ಸಂಶಯವಿಲ್ಲ. ಹಳೆಯ ಅಕೌಂಟ್ ಸಹಿಯಲ್ಲಿ 'ಕಾಲಾಂತರದ ಸಹಜ ವ್ಯತ್ಯಾಸ'ವಂತೆ.

"ಬ್ಯಾಂಕಿನವರ ಹತ್ರ ಒಂದು ಸಹಿ ಇತ್ತು. ನೀನು ನಲವತ್ತೊಂದು ತಂದುಕೊಟ್ಟೆ. ಅವರ ಕೆಲಸ ನಾವೇ ಮಾಡಿಕೊಟ್ವಿ." ಬೈದಿದ್ದರೆ ಸರಿ ಇತ್ತು. ಅವರು ನೀರು ಕೊಟ್ಟರು. ಫ್ಯಾನ್ ಕೂಡ ಹಾಕಿದರು.

ಹಾಗಾದರೆ ಅಪ್ಪನೇ ಸಹಿ ಹಾಕಿದ್ದರು. ಅಮ್ಮ ಸುಳ್ಳು ಹೇಳುತ್ತಿದ್ದಾಳೆ. ಅಥವಾ ಅವಳಿಗೆ ಗೊತ್ತೇ ಇಲ್ಲ. ಅಥವಾ—

ಕ್ಲಾಸ್ ಇದೆ ನಾಳೆ. ಹೋಗಲ್ಲ. ಬಸ್ ಹಿಡಿಯುತ್ತೇನೆ.

ಅಕ್ಟೋಬರ್ 18, ಮಧ್ಯಾಹ್ನ 2.30

ಅಮ್ಮ ಶಟರ್ ಅರ್ಧ ಎಳೆದಳು. ಅಪ್ಪ ಕೂರುತ್ತಿದ್ದ ಸ್ಟೂಲ್ ಮೇಲೆ ನನ್ನನ್ನು ಕೂರಿಸಿದಳು. ಅವಳು ಬೆಂಚಿನ ಈಚೆ, ತನ್ನ ಜಾಗದಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ತಿದ್ದಿಬಿಡುತ್ತೇನೆ.

"ನೀನು ಏಳನೇ ಕ್ಲಾಸಲ್ಲಿದ್ದಾಗ ಶುರುವಾಯ್ತು. ಬಲಗೈ. ಮೊದಮೊದಲು ಟೀ ಲೋಟ ತುಳುಕೋದು. ಆಮೇಲೆ ಸ್ಕ್ರೂ ಹಿಡಿಯೋಕೇ ಆಗ್ತಿರ್ಲಿಲ್ಲ. ಬೇರೆ ಊರಿಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ವಿ. ಇಲ್ಲಿ ತೋರ್ಸಿದ್ರೆ ಸುದ್ದಿ ಆಗತ್ತೆ. ನಡುಗೋ ಕೈಗೆ ಯಾರು ವಾಚ್ ಕೊಡ್ತಾರೆ ಹೇಳು?"

"ನಂಗ್ಯಾಕೆ ಹೇಳ್ಲಿಲ್ಲ?"

"ಅದಕ್ಕೇ ನಿನ್ನ ಹಾಸ್ಟೆಲ್‌ಗೆ ಹಾಕಿದ್ದು."

ಇಂಗ್ಲಿಷ್ ಬರಲಿ ಅಂತ ಹಾಕಿದ್ದು ಎಂದುಕೊಂಡಿದ್ದೆ. ಕೆಲವು ಸಲ, ನಾನು ಬೇಡವಾಗಿದ್ದೆ ಎಂದೂ.

"ಅವರು ಇಲ್ಲಿ ಕೂತು ಹೇಳೋರು, ನಾನು ಮಾಡ್ತಿದ್ದೆ. 'ಎಡಗಡೆ ಸ್ಪ್ರಿಂಗ್, ನಿಧಾನ, ಉಸಿರು ಬಿಡಬೇಡ.' ಗಿರಾಕಿ ಬಂದ್ರೆ ನಾನು ಎದ್ದು ಪಾತ್ರೆ ತೊಳಿಯೋ ಹಾಗೆ ಒಳಗೆ ಹೋಗೋದು, ಅವರು ಲೆನ್ಸ್ ಹಾಕ್ಕೊಂಡು ಬಗ್ಗೋದು. ಜೇಬಲ್ಲಿ ಕೈ. ನಾಲ್ಕು ವರ್ಷ ಒಬ್ರಿಗೂ ಗೊತ್ತಾಗ್ಲಿಲ್ಲ. ನಾಟಕದ ಕಂಪನಿಗೆ ಸೇರ್ಬಹುದಿತ್ತು ನಾವು."

ನಕ್ಕಳು. ನಾನು ನಗಲಿಲ್ಲ.

"ರಸೀದಿಗೆ ಸಹಿ ಬೇಕಲ್ಲ. ಮೂರು ತಿಂಗಳು ಹಳೇ ರಸೀದಿ ಹಿಂದೆ ಬರೆಸಿದ್ರು. ಅವರ ಅಕ್ಷರ, ಅವರ ಸಹಿ. 'ಇನ್ನೂ ಉದ್ದ ಎಳಿ, ಇನ್ನೂ ಉದ್ದ.' ಆಮೇಲೆ ನನಗೆ ಅವರದ್ದೇ ಸಲೀಸಾಯ್ತು."

"ಕಾರ್ಡು?"

"ಕಾರ್ಡೂ."

"ಎಲ್ಲಾ?"

"ಒಂದು ಬಿಡದೆ."

ಹೊರಗೆ ಯಾರೋ ಶಟರ್ ತಟ್ಟಿದರು. ಬ್ಯಾಟರಿ ಬೇಕಂತೆ. "ಊಟದ ಹೊತ್ತು" ಎಂದು ಅಮ್ಮ ಕೂಗಿದಳು. ಆಮೇಲೆ ನಾನು ಕೇಳದೆಯೇ ಹೇಳಿದಳು.

"ಆ ಕಾಗದ ನಿಮ್ಮ ಚಿಕ್ಕಪ್ಪ ಮನೆಗೇ ತಂದಿದ್ದ. ಬ್ಯಾಂಕಿನವರು ಯಾರೂ ಬಂದಿರ್ಲಿಲ್ಲ, ಅವರ ಮುಂದೆ ಸಹಿ ಆಯ್ತು ಅಂತ ಆಮೇಲೆ ಬರ್ಕೊಂಡಿದ್ದಾರೆ. ನಿಮ್ಮಪ್ಪ ಓದಿದ್ರು. ತಮ್ಮನ ಮುಖ ನೋಡಿದ್ರು. 'ಹಾಕು' ಅಂದ್ರು ನಂಗೆ. ವಾಚ್ ಬಿಚ್ಚು ಅಂದ್ರೆ ಬಿಚ್ತಿದ್ದೆ, ಹಾಕು ಅಂದ್ರು ಹಾಕ್ದೆ. ನಂಗೆ ಅದು ಬೇರೆ, ಇದು ಬೇರೆ ಅಂತ ಅನ್ನಿಸ್ಲೇ ಇಲ್ಲ ಕಣೇ."

ಅದು ಅವರ ಸಹಿಯಲ್ಲ ಎಂದು ಅವಳು ಕೋರ್ಟಿಗೆ ಹೇಳಿದ್ದು ನಿಜ. ಅಕ್ಷರಶಃ ನಿಜ.

ಅಕ್ಟೋಬರ್ 19, ಬೆಳಿಗ್ಗೆ 6

ರಜೆಯಲ್ಲಿ ಬಂದಾಗಲೆಲ್ಲ ಅಪ್ಪನ ಬಲಗೈ ಜೇಬಲ್ಲಿ. ಇಲ್ಲವೇ ತೊಡೆಯ ಕೆಳಗೆ. ಬಸ್ಸಿನ ಕಿಟಕಿಗೆ ಎಡಗೈ ಎತ್ತಿ ಟಾಟಾ. ಎಡಗೈ! ನಾನು ಫಿಸಿಯೋ ಸ್ಟೂಡೆಂಟ್. ನಡುಕದ ಬಗ್ಗೆ ಮೂರು ಪೇಜ್ ನೋಟ್ಸ್ ಬರೆದಿದ್ದೇನೆ. ಸ್ವಂತ ಅಪ್ಪನ ಕೈ ನೋಡಿರಲಿಲ್ಲ.

ತಿಂಡಿ ತಿನ್ನುವಾಗ ಕೇಳಿದೆ. "ಕಾರ್ಡಲ್ಲಿ ಬರೀತಿದ್ದದ್ದು... ಅವರು ಹೇಳಿ ಬರೆಸ್ತಿದ್ರಾ?"

"ಕೆಲವು ಅವರು ಹೇಳಿದ್ದು. ಕೆಲವು ನಾನೇ."

"ಯಾವುದು ಯಾವುದು?"

ಅಮ್ಮ ಬಹಳ ಯೋಚಿಸಿದಳು. ಸುಮ್ಮನೆ ಹೇಳಿಬಿಡಬಹುದಿತ್ತು. "ನೆನಪಿಲ್ಲ ಮಗಳೇ. ಆಗ ಯಾರು ಲೆಕ್ಕ ಇಡ್ತಿದ್ರು, ಅವರ ಮಾತು ಯಾವುದು, ನನ್ನ ಮಾತು ಯಾವುದು ಅಂತ."

ನವೆಂಬರ್ 6

ವಕೀಲಮ್ಮನ ಹತ್ತಿರ ಇಬ್ಬರೂ ಹೋಗಿದ್ದೆವು. ಅಮ್ಮ ಬಾಯಿ ತೆರೆದಳು. ವಕೀಲಮ್ಮ ಕೈ ಅಡ್ಡ ಹಿಡಿದರು.

"ನನ್ನ ಕಿವಿಗೆ ಬೀಳಬಾರದ್ದು ಏನಾದ್ರೂ ಇದ್ರೆ ಬೀಳಿಸ್ಬೇಡಿ. ನಾನು ಸುಮ್ನೆ ಒಂದು ಕಥೆ ಹೇಳ್ತೀನಿ, ಕೇಳಿ. ಒಂದು ಊರು. ಒಬ್ಬಳು ಹೆಂಗಸು. 'ಆ ಸಹಿ ನನ್ನ ಗಂಡಂದಲ್ಲ, ನಂದು' ಅಂತ ಕೋರ್ಟಲ್ಲಿ ಅಂದ್ಲು. ಮನೆ ಉಳೀಬಹುದು. ಮಾರನೇ ದಿನ ಬ್ಯಾಂಕಿನವರು ಪೊಲೀಸ್ ಸ್ಟೇಷನ್‌ಗೆ ಹೋಗ್ತಾರೆ. ನಕಲಿ ಸಹಿ. ಗಂಡ ಒಪ್ಪಿದ್ದ ಅನ್ನೋಕೆ ಗಂಡ ಇಲ್ಲ. ಕಥೆ ಮುಗೀತು."

ಅಮ್ಮ ಬಾಯಿ ಮುಚ್ಚಿದಳು.

ಬ್ಯಾಂಕಿನ ವಕೀಲರು ನನ್ನನ್ನೇ ಸಾಕ್ಷಿಗೆ ಕರೆದಿದ್ದಾರೆ. ಕಾರ್ಡ್ ತಂದವಳು ನಾನಲ್ಲವೇ. ಡಿಸೆಂಬರ್ 3. ಆಮೇಲಿನ ತಾರೀಖಿಗೆ ಅಮ್ಮ.

"ನೀನು ಹೆದರ್ಬೇಡ" ಎಂದರು ವಕೀಲಮ್ಮ. "ಅಪ್ಪ ಸಹಿ ಮಾಡೋದನ್ನ ನೀನು ಕಣ್ಣಾರೆ ನೋಡಿದ್ಯಾ? ಇಲ್ಲ. ಹಾಸ್ಟೆಲಲ್ಲಿದ್ದೆ. ಹಾಗಿದ್ರೆ ಯಾರ ಸಹಿ ಅಂತ ಕೇಳಿದ್ರೆ ಏನನ್ಬೇಕು?"

"ಗೊತ್ತಿಲ್ಲ."

"ಅಷ್ಟೇ. ನಾನು ನೋಡಿಲ್ಲ, ಗೊತ್ತಿಲ್ಲ. ನೀನು ಅಷ್ಟಂದ್ರೆ ಕಾರ್ಡು ಬರೀ ರಟ್ಟು. ಅವರ ರಿಪೋರ್ಟಿಗೆ ಕಾಲೇ ಇರಲ್ಲ. ಉಳಿದದ್ದು ನಾನು ನೋಡ್ಕೊಳ್ತೀನಿ."

ಗೊತ್ತಿಲ್ಲ. ಒಂದು ಪದ. ಅಷ್ಟಕ್ಕೆ ಮನೆ.

ನವೆಂಬರ್ 30

ಅಲಾರಂಗೆ ಎಲ್ಲ ಹೇಳಲಿಲ್ಲ, ಪ್ರಾಕ್ಟೀಸ್ ಮಾಡಿಸು ಎಂದಷ್ಟೇ ಹೇಳಿದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಬ್ಯಾಂಕಿನ ವಕೀಲಳಾದಳು.

"ಇದು ಯಾರ ಸಹಿ?"

"ಗೊತ್ತಿಲ್ಲ."

"ನಿನ್ನ ಹೆಸರೇನು?"

"ಗೊತ್ತಿಲ್ಲ."

"ಬೆಂಕಿ! ಪಾಸ್."

ಇಪ್ಪತ್ತು ಸಲ. ಬಕೆಟ್ ಹಿಡಿದು ಬಾತ್‌ರೂಮಿನ ಕ್ಯೂನಲ್ಲಿ ನಿಂತಾಗಲೂ. ಗೊತ್ತಿಲ್ಲ ಗೊತ್ತಿಲ್ಲ ಗೊತ್ತಿಲ್ಲ.

ಡಿಸೆಂಬರ್ 3, ಮಧ್ಯಾಹ್ನ 1.15, ಕೋರ್ಟಿನ ಹೊರಗೆ ಕಲ್ಲುಬೆಂಚು

ಕೈ ನಡುಗುತ್ತಿದೆ. ನನ್ನದು.

ಬ್ಯಾಂಕಿನ ವಕೀಲರಿಗೆ ಐವತ್ತರ ಮೇಲೆ. ಹಳೆಯ ಸೂಟ್‌ಕೇಸ್ ಹಿಡಿದು ಓಡಾಡುತ್ತಾರೆ, ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ಎಂದು ಹೆಸರಿಟ್ಟಿದ್ದೆ. ಗದರುತ್ತಾರೆ ಎಂದುಕೊಂಡಿದ್ದೆ. ಗದರಲಿಲ್ಲ. ಕೆಮ್ಮು ಬಂದಾಗ "ಕ್ಷಮಿಸಿ" ಎನ್ನುತ್ತಿದ್ದರು.

ಕಾರ್ಡ್‌ಗಳ ಕಟ್ಟು ಕೈಗೆ ಕೊಟ್ಟರು. ಪ್ರತಿಯೊಂದರ ಮೂಲೆಗೂ ಕೋರ್ಟಿನ ಕೆಂಪು ನಂಬರ್.

"ಇವು ನಿಮಗೆ ಬಂದ ಕಾರ್ಡ್‌ಗಳೇ?"

"ಹೌದು."

"ಸಹಿ ಮಾಡುವುದನ್ನು ನೋಡಿದ್ದೀರಾ?"

"ಇಲ್ಲ. ಹಾಸ್ಟೆಲಲ್ಲಿದ್ದೆ."

ವಕೀಲಮ್ಮ ತಲೆ ಆಡಿಸಿದರು. ಸರಿಯಾಗಿ ಹೋಗುತ್ತಿತ್ತು. ಆಮೇಲೆ ಸೂಟ್‌ಕೇಸ್ ಇಪ್ಪತ್ತಾರನೇ ಕಾರ್ಡ್ ತೆಗೆದರು. ಜಾಮೀನು ಪತ್ರದ ತಿಂಗಳದ್ದು. ರಿಮಾರ್ಕ್ ಓದಿದರು. ಜೋರಾಗಿ, ರೇಷನ್ ಪಟ್ಟಿ ಓದುವ ಹಾಗೆ.

"'ರಾತ್ರಿ ಅಳುತ್ತೀಯಂತೆ, ವಾರ್ಡನ್ ಬರೆದಿದ್ದಾರೆ. ಅಳು. ಆದರೆ ಊಟ ಬಿಡಬೇಡ. ಇಲ್ಲಿ ನಾವೂ ಹಾಗೇ ಮಾಡುತ್ತಿದ್ದೇವೆ.' ಇದು ಯಾರು ಬರೆದದ್ದು? ನಿಮ್ಮ ತಂದೆಯವರೇ?"

ಟೈಪಿಸ್ಟ್ ಬೆರಳು ಎತ್ತಿ ಕಾಯುತ್ತಿದ್ದಳು. ಜಡ್ಜ್ ಕೂಡ ನೋಡಿದರು. ಯಾರದೋ ಮೊಬೈಲ್ ಕೆಳಗೆ ಗುರ್ ಎಂದಿತು. ನಾನು ಬಾಯಿ ತೆರೆದೆ. 'ಗೊತ್ತಿಲ್ಲ' ಗಂಟಲಲ್ಲೇ ಇತ್ತು, ನಾನು ಅದನ್ನು ಹಿಡಿದುಕೊಂಡೇ ಇದ್ದೆ. ಆ ಸಾಲಿಗೆ ಯಾರೂ ಇಲ್ಲ ಎಂದು ಹೇಗೆ ಹೇಳಲಿ?

"ಹೌದು" ಎಂದೆ. "ಅಪ್ಪನದು. ಎಲ್ಲಾ ಅಪ್ಪನದೇ."

ಟಕಟಕ ಟೈಪ್ ಆಯಿತು. ಓದಿ ಹೇಳಿದರು, ಸಹಿ ಮಾಡಿಸಿಕೊಂಡರು. ವಕೀಲಮ್ಮ ಪೆನ್ನಿನ ಕ್ಯಾಪ್ ಹಾಕಿದರು. ಕ್ಲಿಕ್ ಎಂದು ಕೇಳಿಸಿತು ಅಷ್ಟು ದೂರಕ್ಕೆ.

ಅಮ್ಮ ಹಿಂದಿನ ಬೆಂಚಿನಲ್ಲಿದ್ದಳು. ಮುಖ ನೋಡಲಿಲ್ಲ. ನೋಡುವ ಧೈರ್ಯ ಆಗಲಿಲ್ಲ.

ಡಿಸೆಂಬರ್ 4, ಬೆಳಿಗ್ಗೆ

ಬಸ್ಸಿನಲ್ಲಿ ಎರಡೂವರೆ ಗಂಟೆ ಅಮ್ಮ ಟಿಕೆಟ್ ಮಡಚುತ್ತ, ಬಿಚ್ಚುತ್ತ ಕೂತಿದ್ದಳು. ಮನೆಗೆ ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಮಾತು.

ನಾನೇ ಮೊದಲು ಹೇಳಿದೆ. "ಸಾರಿ ಅಮ್ಮ. ಮನೆ ಹೋಯ್ತು ನನ್ನಿಂದ."

"ಮನೆ ಬಿಡು."

"ನಿನ್ನ ಮೇಲೆ ಬರಬಾರ್ದು ಅಂತನೂ..." ಅದು ಪೂರ್ತಿ ನಿಜವಲ್ಲ. ಆ ಹೊತ್ತಿಗೆ ನನಗೆ ಅಮ್ಮನ ನೆನಪೇ ಇರಲಿಲ್ಲ. ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

"ನನ್ನ ಸರದಿ ಬಂದಾಗ ನಾನು ಹೇಳೋಳಿದ್ದೆ ಕಣೇ" ಎಂದಳು. "ವಕೀಲಮ್ಮ ಏನೇ ಕಥೆ ಹೇಳ್ಲಿ. ನಾಲ್ಕು ವರ್ಷ ಆ ಅಂಗಡೀಲಿ ಬಿಚ್ಚಿದ್ದು, ಜೋಡ್ಸಿದ್ದು, ಬರ್ದಿದ್ದು ಎಲ್ಲಾ ಈ ಕೈ ಅಂತ. ಎಷ್ಟು ಜನ ನಿಮ್ಮಪ್ಪನ ಕೈ ಹೊಗಳಿದ್ರು ಗೊತ್ತಾ? ಒಳಗಿಂದ ಕೇಳಿಸ್ಕೊಳ್ತಿದ್ದೆ. ಒಂದ್ಸಲ ಹೇಳ್ಬೇಕು ಅನ್ನಿಸ್ತಿತ್ತು. ಅಲ್ಲಿ ಹೇಳಿದ್ರೆ ಟೈಪ್ ಮಾಡ್ಕೊಳ್ತಾರಲ್ಲ. ಜೈಲಾದ್ರೂ ಆಗ್ಲಿ."

"ಹೇಳು. ಈಗ್ಲೂ ಹೇಳು!"

"ಈಗ ಹೇಗೆ ಹೇಳ್ಲಿ? ನೀನು ಪ್ರಮಾಣ ಮಾಡಿ ಅಪ್ಪಂದು ಅಂದಿದ್ದೀಯ. ನಾನು ನಿಜ ಹೇಳಿದ್ರೆ ನೀನು ಸುಳ್ಳಿ."

ಕೋಪ ಇರಲಿಲ್ಲ ದನಿಯಲ್ಲಿ. ಅದೇ ಕಷ್ಟ. ಲೆನ್ಸ್ ಹಾಕಿಕೊಂಡು ಕೆಲಸಕ್ಕೆ ಕೂತಳು. ಯಾರದೋ ಮದುವೆ ವಾಚು, ಸಂಜೆಗೆ ಕೊಡಬೇಕಂತೆ.

ಡಿಸೆಂಬರ್ 19

ಅಮ್ಮನ ಸಾಕ್ಷಿ ಬೇಡವೆಂದರು ವಕೀಲಮ್ಮ. ರಾಜಿ ಮಾಡಿಕೊಳ್ಳೋಣ, ಸೋತು ಕಳೆದುಕೊಳ್ಳುವುದಕ್ಕಿಂತ ಸ್ವಲ್ಪ ಸಮಯವಾದರೂ ಸಿಗುತ್ತದೆ. ಅಮ್ಮ ಹೂಂ ಎಂದಳಂತೆ. ಸೆಮಿಸ್ಟರ್ ಎಕ್ಸಾಮ್. ಕೈಯ ಸ್ನಾಯುಗಳ ಪ್ರಶ್ನೆ ಬಂದಿತ್ತು. ಎಲ್ಲ ಬರೆದೆ. ಡಯಾಗ್ರಂ ಸಮೇತ.

ಜನವರಿ 23

ಬ್ಯಾಂಕು ಒಪ್ಪಿದೆ. ಅಂಗಡಿ, ಮನೆ ಅವರಿಗೆ. ಉಳಿದ ಬಾಕಿ ಮಾಫಿ. ಖಾಲಿ ಮಾಡಲು ಮೂರು ತಿಂಗಳು. ಅಮ್ಮನಿಗೆ ಪಕ್ಕದ ಬೀದಿಯ ಮೊಬೈಲ್ ಅಂಗಡಿಯವನು ಒಂದು ಮೂಲೆ ಕೊಡುತ್ತಾನಂತೆ, ವಾಚ್ ರಿಪೇರಿಗೆ. "ನಿಮ್ಮ ಯಜಮಾನ್ರ ಕೆಲಸ ಸ್ವಲ್ಪ ಕಲ್ತಿದ್ದೀರಲ್ಲಮ್ಮಾ" ಎಂದನಂತೆ.

ಸ್ವಲ್ಪ.

ಫೆಬ್ರವರಿ 10, ಸಂಜೆ 4.50

ರಾಜಿ ಪತ್ರಕ್ಕೆ ಸಹಿ. ಕೋರ್ಟಿನ ಪಕ್ಕದ ಸಣ್ಣ ರೂಮು, ಉದ್ದ ಮೇಜು, ಒಂದು ಜಗ್ ನೀರು. ನಾನು, ಅಮ್ಮ, ವಕೀಲಮ್ಮ. ಎದುರಿಗೆ ಸೂಟ್‌ಕೇಸ್ ಮತ್ತು ಬ್ಯಾಂಕಿನ ಆಫೀಸರ್. ಆಫೀಸರ್ ಮೊಬೈಲಲ್ಲಿ ಮುಳುಗಿದ್ದ. ವಾರಸುದಾರರು ಇಬ್ಬರೂ ನಾಲ್ಕು ಪುಟಕ್ಕೂ ಸಹಿ ಮಾಡಬೇಕು. ನಾನು ಮೊದಲು ಮಾಡಿದೆ, ಪೇಪರ್ ಅಮ್ಮನ ಕಡೆ ಸರಿಸಿದೆ.

ಅಮ್ಮ ಪೆನ್ನು ತೆಗೆದುಕೊಂಡಳು. ಬೇರೇನನ್ನೋ ಯೋಚಿಸುತ್ತಿದ್ದಳು. ಪೆನ್ನು ತಾನಾಗಿ ಹೊರಟಿತು. ಬಲದಿಂದ ಎಡಕ್ಕೆ, ಒಂದು ಸುಳಿ—

ನಿಂತಿತು.

ನಾನು ನೋಡಿದೆ. ವಕೀಲಮ್ಮ ನೋಡಿದರು. ತಲೆಯೆತ್ತಿದರೆ ಸೂಟ್‌ಕೇಸ್ ಕೂಡ ನೋಡುತ್ತಿದ್ದಾರೆ. ತಿಂಗಳುಗಟ್ಟಲೆ ಆ ಸುಳಿಯನ್ನು ಲೆನ್ಸ್ ಇಟ್ಟು ನೋಡಿದ ಮನುಷ್ಯ. ಅವರಿಗೆ ತಿಳಿಯದೇ ಇರುತ್ತದೆಯೇ? ಆಫೀಸರ್ ಇನ್ನೂ ಮೊಬೈಲಲ್ಲೇ.

ಸೂಟ್‌ಕೇಸ್ ಕೆಮ್ಮಿದರು. "ಕ್ಷಮಿಸಿ. ಈ ಪುಟದ ಪ್ರಿಂಟ್ ಸರಿ ಬಂದಿಲ್ಲಮ್ಮ. ಬೇರೆ ಕೊಡ್ತೀನಿ." ಹಾಳೆ ಎಳೆದುಕೊಂಡರು, ನಾಲ್ಕಾಗಿ ಹರಿದರು. ಬುಟ್ಟಿ ಕಾಲ ಬಳಿಯೇ ಇತ್ತು. ಚೂರುಗಳನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ಸೂಟ್‌ಕೇಸ್ ತೆರೆದು ಇನ್ನೊಂದು ಪ್ರತಿ ಇಟ್ಟರು. ಯಾರ ಮುಖವನ್ನೂ ನೋಡಲಿಲ್ಲ.

ನಾನು ಮತ್ತೆ ಮಾಡಿದೆ. ಅಮ್ಮ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬರೆದಳು. ತನ್ನ ಹೆಸರು. ಒಂದೊಂದೇ ಅಕ್ಷರ, ಹಲಗೆಯ ಮೇಲೆ ತಿದ್ದುವ ಹಾಗೆ. ಕಾಲೇಜಿನ ಅಡ್ಮಿಷನ್ ಫಾರ್ಮಲ್ಲೂ ಇದೇ ಇದ್ದಿರಬೇಕು. ನೋಡಿಯೇ ಇರಲಿಲ್ಲ. ಮೊದಲ ಅಕ್ಷರ ದೊಡ್ಡದು, ಉಳಿದವು ಸಣ್ಣ ಸಣ್ಣ, ಹಿಂದೆ ಹಿಂದೆ ಸರಿದು ನಿಂತ ಹಾಗೆ. ಎರಡನೇ ಪುಟದಲ್ಲಿ ಬೇರೆ ಥರ. ಮೂರನೆಯದರಲ್ಲಿ ಇನ್ನೂ ಬೇರೆ. ಸಲೀಸಾಗಿ ಸ್ಕ್ರೂ ಹಿಡಿಯುವ ಕೈ.

ನಾಲ್ಕನೆಯದು ಮುಗಿಸಿ, ಪೆನ್ನು ಇಡದೆ, ನನ್ನ ಕಡೆ ಬಾಗಿದಳು. ಬೇರೆ ಯಾರಿಗೂ ಕೇಳದ ಹಾಗೆ—

"ಇದು ನಂದೇ ಥರ ಕಾಣತ್ತಾ?"

ನಾನು ಪೇಪರ್ ನನ್ನ ಕಡೆ ತಿರುಗಿಸಿ ಮೊದಲ ಅಕ್ಷರದಿಂದ ಕೊನೆಯದರವರೆಗೂ ಓದಿ, "ನಿಂದು, ನಾಲ್ಕೂ ನಿಂದೇ" ಎಂದೆ.